ಓಝಾರ್ಕ್ ನದಿಗಳಲ್ಲಿ ಕನೂ, ಫ್ಲೈ ಫಿಶಿಂಗ್: ಯಾವ ನದಿ ಯಾರಿಗೆ?

ಮಾರ್ಚ್ ಮುಗಿಯುತ್ತಿದ್ದಂತೆ ಬೆಂಟನ್‌ವಿಲ್, ಸೇಂಟ್ ಲೂಯಿಸ್, ಕ್ಯಾನ್ಸಸ್ ಸಿಟಿ ಕಡೆಯ ಕನ್ನಡದ ಗೆಳೆಯರಿಂದ ಪ್ರಶ್ನೆಗಳು ಶುರುವಾಗುತ್ತವೆ. “ಬಫಲೋಗೆ ಹೋಗೋದಾ, ಕರೆಂಟ್ ರಿವರ್‌ಗಾ?” “ಕನೂನಲ್ಲಿ ಕೂತ್ಕೊಂಡೇ ಫ್ಲೈ ಫಿಶಿಂಗ್ ಮಾಡಬಹುದಾ?” “ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರನ್ನೂ ಕೂರಿಸಬಹುದಾ?” ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೆ ಹೊಂದುವುದಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಕನೂ ಅಂದರೆ ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕುವ ಉದ್ದನೆಯ ಸಣ್ಣ ದೋಣಿ.

ನದಿಯ ಹೆಸರು ಕೇಳುವ ಮುಂಚೆ ಒಂದು ವಿಷಯ ಕೇಳಿಕೊಳ್ಳಿ: ಇದಕ್ಕೆ ನೀರು ಎಲ್ಲಿಂದ ಬರುತ್ತದೆ? ದಕ್ಷಿಣ ಮಿಸೌರಿ ಮತ್ತು ಉತ್ತರ ಆರ್ಕನ್ಸಾದ ಈ ಓಝಾರ್ಕ್ ಗುಡ್ಡಗಳು ಬಹುಪಾಲು ಸುಣ್ಣಕಲ್ಲಿನವು. ಕೆಲವು ನದಿಗಳು ಮಳೆಯನ್ನೇ ನಂಬಿಕೊಂಡಿವೆ. ಮಳೆ ಬಿದ್ದರೆ ಏರುತ್ತವೆ, ನಿಂತರೆ ಇಳಿಯುತ್ತವೆ, ಬೇಸಿಗೆಯಲ್ಲಿ ಕಣಕಾಲು ಮುಳುಗುವಷ್ಟು ನೀರೂ ಇರುವುದಿಲ್ಲ. ಕೆಲವು ನದಿಗಳಿಗೆ ನೆಲದಡಿಯಿಂದ ದೊಡ್ಡ ಬುಗ್ಗೆಗಳು ನೀರು ತುಂಬುತ್ತವೆ. ಆ ನೀರು ವರ್ಷವಿಡೀ ಹೆಚ್ಚು ಕಡಿಮೆ 14 ಡಿಗ್ರಿ ಸೆಲ್ಸಿಯಸ್. ಜುಲೈನಲ್ಲೂ ದೋಣಿ ತೇಲುತ್ತದೆ, ತಣ್ಣೀರು ಬೇಡುವ ಟ್ರೌಟ್ ಮೀನೂ ಬದುಕುತ್ತದೆ. ಮೂರನೆಯ ಜಾತಿ ಅಣೆಕಟ್ಟಿನ ಕೆಳಗಿನ ನದಿ. ಕೆರೆಯ ತಳದಿಂದ ಬರುವ ಕೊರೆಯುವ ನೀರು, ದೊಡ್ಡ ದೊಡ್ಡ ಟ್ರೌಟ್. ಆದರೆ ನೀರು ಯಾವಾಗ ಏರುತ್ತದೆ ಅನ್ನುವುದು ಆ ಹೊತ್ತಿನ ವಿದ್ಯುತ್ ಬೇಡಿಕೆಯ ಕೈಯಲ್ಲಿ. ಇದೊಂದು ಗೊತ್ತಾದರೆ ಯಾವ ತಿಂಗಳು, ಯಾವ ಮೀನು, ಎಷ್ಟು ಅಪಾಯ ಅನ್ನುವ ಮೂರಕ್ಕೂ ಅರ್ಧ ಉತ್ತರ ಸಿಕ್ಕಂತೆ.

ಉಳಿದ ಅಳತೆಗಳು ಚಿಕ್ಕವು. ನಿಮಗೆ ದೋಣಿ ಮುಖ್ಯವೋ ಮೀನು ಮುಖ್ಯವೋ, ಜೊತೆಗೆ ಯಾರು ಬರುತ್ತಾರೆ, ಜೇಬಲ್ಲಿ ಎಷ್ಟಿದೆ, ಗದ್ದಲ ಎಷ್ಟು ಸಹಿಸುತ್ತೀರಿ.

ದೋಣಿಯೋ, ಮೀನೋ

ಎರಡೂ ಒಂದೇ ದಿನ ಆಗುತ್ತದೆ, ಆದರೆ ಸಮಸಮ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಸಾಮಾನ್ಯ ಗಾಳದಲ್ಲಿ ತುದಿಯ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ತುದಿಯಲ್ಲಿರುವುದು ಗರಿ, ನೂಲು, ರೋಮ ಸುತ್ತಿದ ಹುಳುವಿನಂಥ ಪುಟ್ಟ ಕೊಕ್ಕೆ, ಅದೇ ಫ್ಲೈ. ಅದಕ್ಕೆ ತೂಕ ಇಲ್ಲವೆಂದೇ ಹೇಳಬೇಕು. ಇಲ್ಲಿ ತೂಕ ಇರುವುದು ದಪ್ಪನೆಯ ಲೈನಿಗೆ. ಅದನ್ನು ಹಿಂದಕ್ಕೆ ಬೀಸಿ, ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುವಷ್ಟು ಹೊತ್ತು ತಾಳಿ, ಆಮೇಲೆ ಮುಂದಕ್ಕೆ ಬೀಸಬೇಕು. ಅಂದರೆ ನಿಮ್ಮ ಬೆನ್ನ ಹಿಂದೆ ಇಪ್ಪತ್ತು ಮೂವತ್ತು ಅಡಿ ಖಾಲಿ ಜಾಗ ಬೇಕು. ಕನೂನಲ್ಲಿ ನಿಮ್ಮ ಬೆನ್ನ ಹಿಂದೆ ಕೂತಿರುವವರು ಯಾರು? ಹೆಂಡತಿಯೋ, ಗಂಡನೋ, ಮಗಳೋ. ಕೊಕ್ಕೆ ಮೊದಲು ಹುಡುಕುವುದು ಅವರ ಟೋಪಿಯನ್ನು.

ಪಕ್ಕಕ್ಕೆ ಬೀಸಬಹುದು, ಸರಿ. ಆದರೆ ಅಷ್ಟರಲ್ಲಿ ನೀರು ದೋಣಿಯನ್ನು ಕೊಂಡೊಯ್ಯುತ್ತಿರುತ್ತದೆ. ಹಿಂದೆ ಕೂತವರು ಹುಟ್ಟು ಹಿಡಿದು ದೋಣಿಯನ್ನು ನೇರ ಇಟ್ಟುಕೊಳ್ಳಲೇಬೇಕು. ಇಬ್ಬರೂ ಗಾಳ ಹಿಡಿದರೆ ದೋಣಿ ಸೀದಾ ಹೋಗಿ ದಡದ ಸಿಕಮೋರ್ ಮರದ ಬೇರುಗಳೊಳಗೆ ನುಗ್ಗುತ್ತದೆ. ಅಲ್ಲಿ ಮಗುಚುವುದೇ ಈ ನದಿಗಳ ನಿಜವಾದ ಅಪಾಯ. ಬೇರಿನ ಸಂದಿಯಿಂದ ನೀರು ನುಸುಳಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ.

ಇಲ್ಲಿಯವರು ಮಾಡುವುದು ಬೇರೆ. ಕನೂವನ್ನು ಬಸ್ಸಿನ ಹಾಗೆ ಬಳಸುತ್ತಾರೆ. ಹುಟ್ಟು ಹಾಕಿಕೊಂಡು ಹೋಗಿ, ಒಳ್ಳೆಯ ಮಡು ಕಂಡ ಕಡೆ ಗ್ರಾವೆಲ್ ಬಾರ್‌ಗೆ, ಅಂದರೆ ಉರುಟು ಕಲ್ಲಿನ ದಿಬ್ಬಕ್ಕೆ ದೋಣಿ ಎಳೆದಿಟ್ಟು, ಮೊಣಕಾಲು ನೀರಿನಲ್ಲಿ ನಿಂತು ಮೀನು ಹಿಡಿಯುತ್ತಾರೆ. ಸುಮ್ನೆ ಹುಟ್ಟು ಹಾಕುವ ದಿನ ಎಂಟು ಹತ್ತು ಮೈಲು ಆರಾಮಾಗಿ ಹೋಗಬಹುದು. ಮೀನು ಹಿಡಿಯುವ ದಿನ ಐದು ಮೈಲಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಔಟ್‌ಫಿಟರ್, ಅಂದರೆ ದೋಣಿ ಬಾಡಿಗೆಗೆ ಕೊಡುವವರ ಹತ್ತಿರ ಬುಕ್ ಮಾಡುವಾಗ ತುಂಬ ಜನ ಎಡವುವುದು ಇಲ್ಲೇ. ಹತ್ತು ಮೈಲು ತಗೊಂಡು, ಸಂಜೆ ಆರಕ್ಕೆ ಇನ್ನೂ ನಾಲ್ಕು ಮೈಲು ಉಳಿಸಿಕೊಂಡಿರುತ್ತಾರೆ.

ಹಂಪಿಯಲ್ಲಿ ತೆಪ್ಪ ಹತ್ತಿದವರಿಗೊಂದು ಎಚ್ಚರಿಕೆ. ಅಲ್ಲಿ ಅಂಬಿಗ ಇರುತ್ತಾನೆ. ಇಲ್ಲಿ ಬಾಡಿಗೆಗೆ ಸಿಗುವುದು ದೋಣಿ ಮಾತ್ರ, ಅಂಬಿಗರು ನೀವೇ. ಔಟ್‌ಫಿಟರ್ ನಿಮ್ಮನ್ನು ಮೇಲೆ ಬಿಟ್ಟು, ಕೆಳಗೆ ಕಾರು ಸಿಗುವ ಹಾಗೆ ಮಾಡುತ್ತಾರೆ, ಅಷ್ಟೇ.

ಬಫಲೋ: ನೋಡುವುದಕ್ಕೆ ಇದನ್ನು ಮೀರಿಸುವುದಿಲ್ಲ

ಆರ್ಕನ್ಸಾದ ಬಫಲೋ 1972ರಲ್ಲಿ ದೇಶದ ಮೊದಲ ರಾಷ್ಟ್ರೀಯ ನದಿ ಆಯಿತು. ಉದ್ಯಾನದೊಳಗೆ 135 ಮೈಲು ಹರಿಯುತ್ತದೆ, ಎಲ್ಲೂ ಅಣೆಕಟ್ಟಿಲ್ಲ. ಕಟ್ಟಬೇಕೆಂದಿದ್ದರು, ಜನ ಬಿಡಲಿಲ್ಲ. ಪ್ರವೇಶ ಶುಲ್ಕವೂ ಇಲ್ಲ.

ಎಲ್ಲರೂ ಫೋಟೋದಲ್ಲಿ ನೋಡುವುದು ಮೇಲಿನ ಭಾಗ, ಪೊಂಕಾದಿಂದ ಕೈಲ್ಸ್ ಲ್ಯಾಂಡಿಂಗ್‌ವರೆಗಿನ ಹತ್ತು ಹನ್ನೊಂದು ಮೈಲು. ಬಿಗ್ ಬ್ಲಫ್ ಅನ್ನುವ ಬಂಡೆ ನೀರಿನಿಂದ ಸುಮಾರು 500 ಅಡಿ ಎದ್ದು ನಿಂತಿದೆ. ನಡುವೆ ದೋಣಿ ನಿಲ್ಲಿಸಿ ಸ್ವಲ್ಪ ದೂರ ನಡೆದರೆ ಹೆಮ್ಡ್-ಇನ್ ಹಾಲೋ ಜಲಪಾತ, 209 ಅಡಿ. ಆದರೆ ಇದು ಮಳೆಯ ನದಿ. ಮೇಲಿನ ಭಾಗದಲ್ಲಿ ದೋಣಿ ತೇಲುವುದು ಮಾರ್ಚ್‌ನಿಂದ ಜೂನ್ ಮೊದಲ ವಾರಗಳವರೆಗೆ, ಅದೂ ಮಳೆ ಬಂದಿದ್ದರೆ. ಮೂರು ವಾರ ಮುಂಚೆ ರಜೆ ಹಾಕಿ, ಕ್ಯಾಬಿನ್ ಬುಕ್ ಮಾಡಿ ಹೋಗುವವರಿಗೆ ಇದು ಜೂಜು. ನೀರು ಕಮ್ಮಿ ಇದ್ದರೆ ದೋಣಿಯನ್ನು ಕಲ್ಲಿನ ಮೇಲೆ ಎಳೆದುಕೊಂಡು ನಡೆಯಬೇಕು. ಜಾಸ್ತಿ ಇದ್ದರೆ ಹೊಸಬರಿಗೆ ಹೇಳಿದ್ದಲ್ಲ, ಏಕೆಂದರೆ ಮೇಲಿನ ಭಾಗದಲ್ಲಿ ನದಿ ಇಳಿಜಾರಾಗಿ, ತಿರುವು ತಿರುವಾಗಿ ಹರಿಯುತ್ತದೆ. ಪೊಂಕಾದ ತಗ್ಗು ಸೇತುವೆಯ ಹತ್ತಿರ ನೀರಿನ ಮಟ್ಟ ಎಷ್ಟಿದೆ ಎಂದು ಹಿಂದಿನ ದಿನ ಔಟ್‌ಫಿಟರನ್ನೇ ಕೇಳಿ. ಅವರು ಬೇಡ ಅಂದರೆ ಬೇಡ.

ಬೆಂಟನ್‌ವಿಲ್‌ನಲ್ಲಿರುವವರಿಗೆ ಈ ಜೂಜು ಅಷ್ಟೇನೂ ದುಬಾರಿ ಅಲ್ಲ. ಪೊಂಕಾ ಎರಡು ಗಂಟೆಯೊಳಗಿನ ದಾರಿ. ಗುರುವಾರ ಮಳೆ ಬಂದರೆ ಶನಿವಾರ ಹೊರಟರಾಯಿತು. ಸೇಂಟ್ ಲೂಯಿಸ್‌ನವರು ಇದನ್ನು ನಂಬಿಕೊಂಡು ಅಷ್ಟು ದೂರ ಬರಬೇಡಿ. ಬಂದರೂ ಕೆಳಗಿನ ಭಾಗ ಇಟ್ಟುಕೊಳ್ಳಿ. ಬಫಲೋ ಪಾಯಿಂಟ್‌ನಿಂದ ರಶ್‌ವರೆಗೆ ಏಳೆಂಟು ಮೈಲು, ಬೇಸಿಗೆಯಲ್ಲೂ ಸಾಮಾನ್ಯವಾಗಿ ದೋಣಿ ಹೋಗುತ್ತದೆ, ನೀರು ಸೌಮ್ಯ, ಮಕ್ಕಳಿಗೆ ಹೇಳಿ ಮಾಡಿಸಿದ್ದು. ರಶ್ ದಾಟಿಬಿಟ್ಟರೆ ಮಾತ್ರ ಇಪ್ಪತ್ತು ಮೈಲಿಗೂ ಮೀರಿ ಹೊರಬರಲು ರಸ್ತೆಯೇ ಇಲ್ಲ, ನೆನಪಿರಲಿ.

ಮೀನಿನ ವಿಷಯ. ಇಲ್ಲಿ ಟ್ರೌಟ್ ಹುಡುಕಬೇಡಿ. ಇಲ್ಲಿನದು ಸ್ಮಾಲ್‌ಮೌತ್ ಬಾಸ್. ನನ್ನ ಪಕ್ಷಪಾತ ಹೇಳಿಬಿಡುತ್ತೇನೆ: ಟ್ರೌಟ್‌ಗಿಂತ ಇದೇ ಮೇಲು. ಟ್ರೌಟ್ ಓಝಾರ್ಕಿನ ಮೂಲ ಮೀನೇ ಅಲ್ಲ, 19ನೇ ಶತಮಾನದ ಕೊನೆಯಲ್ಲಿ ಹೊರಗಿನಿಂದ ತಂದು ಬಿಡಲು ಶುರು ಮಾಡಿದ್ದು. ಸ್ಮಾಲ್‌ಮೌತ್ ಇಲ್ಲಿಯದೇ. ಬಂಡೆಯ ನೆರಳಲ್ಲಿ ಸೀಗಡಿಯಂಥ ಕ್ರಾಫಿಶ್ ತಿಂದುಕೊಂಡು ಇರುತ್ತದೆ. ಕಂದು ಬಣ್ಣದ ಕ್ರಾಫಿಶ್ ಫ್ಲೈ ಅಥವಾ ವೂಲಿ ಬಗರ್ ಅನ್ನುವ ರೋಮದ ಫ್ಲೈಯನ್ನು ತಳಕ್ಕೆ ಬಿಟ್ಟು ತುಸು ತುಸುವೇ ಎಳೆದರೆ ಸಾಕು. ಬೀಸುವುದು ಅಷ್ಟು ನಾಜೂಕಾಗಿ ಇರಬೇಕಾಗಿಲ್ಲ. ಹೊಸಬರಿಗೆ ಇದಕ್ಕಿಂತ ಬೇರೆ ಸಮಾಧಾನ ಬೇಕೇ?

ಕರೆಂಟ್ ಮತ್ತು ಜ್ಯಾಕ್ಸ್ ಫೋರ್ಕ್: ತಾರೀಖು ನಿಗದಿ ಆಗಿದ್ದರೆ ಇದೇ

ಮಿಸೌರಿಯ ಈ ಎರಡು ನದಿಗಳು ಸೇರಿ 1964ರಿಂದ ಓಝಾರ್ಕ್ ನ್ಯಾಷನಲ್ ಸೀನಿಕ್ ರಿವರ್‌ವೇಸ್. ಒಟ್ಟು 134 ಮೈಲು. ಕರೆಂಟ್ ಪೂರ್ತಿ ಬುಗ್ಗೆಗಳ ನದಿ. ಮೊಂಟಾಕ್‌ನಲ್ಲಿ ಹುಟ್ಟುವುದೇ ಬುಗ್ಗೆಗಳಿಂದ. ಕೆಳಗೆ ವೆಲ್ಚ್, ಕೇವ್ ಸ್ಪ್ರಿಂಗ್, ಪುಲ್‌ಟೈಟ್, ರೌಂಡ್ ಸ್ಪ್ರಿಂಗ್ ಒಂದೊಂದಾಗಿ ಸೇರುತ್ತವೆ. ವ್ಯಾನ್ ಬ್ಯೂರನ್ ಹತ್ತಿರದ ಬಿಗ್ ಸ್ಪ್ರಿಂಗ್ ಒಂದೇ ದಿನಕ್ಕೆ ಸರಾಸರಿ 28 ಕೋಟಿ ಗ್ಯಾಲನ್ ನೀರು ಉಕ್ಕಿಸುತ್ತದೆ. ಹಾಗಾಗಿ ಆಗಸ್ಟ್‌ನಲ್ಲೂ ಭಯವಿಲ್ಲದೆ ಬುಕ್ ಮಾಡಬಹುದು. ಸೇಂಟ್ ಲೂಯಿಸ್‌ನಿಂದ ಎರಡೂವರೆ ಮೂರು ಗಂಟೆ.

ಹುಟ್ಟು ಹಾಕುವುದೇ ಮುಖ್ಯ ಅನ್ನುವವರು ಏಕರ್ಸ್‌ನಿಂದ ಪುಲ್‌ಟೈಟ್‌ಗೆ ಹೋಗಿ, ಸುಮಾರು ಹತ್ತು ಮೈಲು. ಅರ್ಧ ದಾರಿಯಲ್ಲಿ ಕೇವ್ ಸ್ಪ್ರಿಂಗ್ ಸಿಗುತ್ತದೆ. ಬಂಡೆಯ ಬುಡದಲ್ಲಿ ಗವಿಯ ಬಾಯಿ, ಅದರ ತುಂಬ ನೀರು. ದೋಣಿಯನ್ನು ತಿರುಗಿಸಿ ಸೀದಾ ಒಳಗೇ ಹುಟ್ಟು ಹಾಕಬಹುದು. ಹೊರಗೆ ನೂರು ಡಿಗ್ರಿ ಫ್ಯಾರನ್‌ಹೈಟ್ ಇದ್ದರೂ ಒಳಗೆ ತಂಪು ಗಾಳಿ ಮುಖಕ್ಕೆ ಹೊಡೆಯುತ್ತದೆ, ಹುಟ್ಟು ಬಂಡೆಗೆ ತಾಗಿದ ಸದ್ದು ಎರಡೆರಡು ಸಲ ಕೇಳುತ್ತದೆ. ನೀರು ತಿಳಿಯಾಗಿದ್ದರೂ ಕೆಳಗೆ ನೋಡಿದರೆ ತಳ ಕಾಣುವುದಿಲ್ಲ. ಮಕ್ಕಳು ಇದೊಂದನ್ನು ಮಾತ್ರ ವರ್ಷಗಟ್ಟಲೆ ಹೇಳಿಕೊಂಡು ಓಡಾಡುತ್ತಾರೆ.

ಮೀನು ಮುಖ್ಯ ಅನ್ನುವವರು ಇನ್ನೂ ಮೇಲೆ ಹೋಗಬೇಕು. ಮೊಂಟಾಕ್ ಪಾರ್ಕಿನ ಗಡಿಯಿಂದ ಸೀಡರ್‌ಗ್ರೋವ್‌ವರೆಗೆ ಬ್ಲೂ ರಿಬ್ಬನ್ ಟ್ರೌಟ್ ಪ್ರದೇಶ. ಫ್ಲೈ ಅಥವಾ ಲ್ಯೂರ್, ಅಂದರೆ ಕೃತಕ ಆಮಿಷ ಮಾತ್ರ, ಹುಳು ಪೋಣಿಸುವ ಹಾಗಿಲ್ಲ. 18 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಇಲ್ಲಿನ ಬ್ರೌನ್ ಟ್ರೌಟ್ ಬುದ್ಧಿವಂತ, ನೀರು ಗಾಜಿನಷ್ಟು ತಿಳಿ. ನೀವು ಅದನ್ನು ನೋಡುವ ಮುಂಚೆ ಅದು ನಿಮ್ಮನ್ನು ನೋಡಿರುತ್ತದೆ. ಈಗಷ್ಟೇ ಕಲಿಯುತ್ತಿರುವವರಿಗೆ ಇದು ಸಿಟ್ಟು ಬರಿಸುವ ಜಾಗ, ಕೈ ಕುದುರಿದವರಿಗೆ ಹಬ್ಬ. ಎರಡರ ನಡುವೆ ಬೇಕೆಂದರೆ ಸೀಡರ್‌ಗ್ರೋವ್‌ನಿಂದ ಏಕರ್ಸ್, ಎಂಟು ಮೈಲು. ಕೊನೆಯಲ್ಲಿ ವೆಲ್ಚ್ ಸ್ಪ್ರಿಂಗ್ ಸಿಗುತ್ತದೆ. ಅಲ್ಲಿ ಕಲ್ಲಿನ ಗೋಡೆಗಳ ಪಾಳು ಕಟ್ಟಡ ಇದೆ. ನೂರು ವರ್ಷಗಳ ಹಿಂದೆ ಒಬ್ಬ ಡಾಕ್ಟರು ಗವಿಯ ತಂಪು ಗಾಳಿಯಿಂದ ಆಸ್ತಮಾ ವಾಸಿಯಾಗುತ್ತದೆ ಎಂದು ಕಟ್ಟಿಸಿದ ಆಸ್ಪತ್ರೆ ಅದು.

ಕರೆಂಟ್‌ನ ದೋಷ ಜನ. ಜುಲೈ ತಿಂಗಳ ಶನಿವಾರ ಅಂದರೆ ಟ್ಯೂಬು, ರಾಫ್ಟು, ಸ್ಪೀಕರು, ಬಿಯರು. ಅದೇ ನದಿ ಮಂಗಳವಾರ ಬೇರೆಯೇ ನದಿ. ಶನಿವಾರವೇ ಆಗಬೇಕು ಅಂದರೆ ಬೆಳಿಗ್ಗೆ ಔಟ್‌ಫಿಟರ್ ಬಿಡುವ ಮೊದಲ ಶಟಲ್ ಗಾಡಿ ಹಿಡಿಯಿರಿ, ಅಥವಾ ಸೆಪ್ಟೆಂಬರ್‌ಗೆ ಕಾಯಿರಿ. ಜ್ಯಾಕ್ಸ್ ಫೋರ್ಕ್ ಇನ್ನೂ ಚಿಕ್ಕದು, ಚೆಂದ. ಆದರೆ ಆಲಿ ಸ್ಪ್ರಿಂಗ್ ಸೇರುವ ಮುಂಚಿನ ಭಾಗ ಬೇಸಿಗೆಯಲ್ಲಿ ಸೊರಗುತ್ತದೆ. ಆಲಿಯ ಕೆಂಪು ಗಿರಣಿಯನ್ನಂತೂ ದೋಣಿ ಹತ್ತದವರೂ ನೋಡಿ ಬರಬಹುದು.

ಇಲೆವೆನ್ ಪಾಯಿಂಟ್, ನಾರ್ತ್ ಫೋರ್ಕ್: ಗದ್ದಲ ಬೇಡದವರಿಗೆ

ಮಿಸೌರಿಯ ಇವೆರಡೂ ಬುಗ್ಗೆಯ ನದಿಗಳೇ, ಆದರೆ ಯಾವ ದೊಡ್ಡ ಊರಿಗೂ ಹತ್ತಿರ ಇಲ್ಲ. ಅದೇ ಇವುಗಳ ಪುಣ್ಯ. ಇಲೆವೆನ್ ಪಾಯಿಂಟ್‌ನ 44 ಮೈಲು 1968ರಲ್ಲಿ ನದಿಗಳನ್ನು ಕಾಪಾಡುವ ವೈಲ್ಡ್ ಆ್ಯಂಡ್ ಸೀನಿಕ್ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಸೇರಿತು. ಗ್ರೀರ್ ಸ್ಪ್ರಿಂಗ್ ಸೇರಿದ ಕೂಡಲೇ ನದಿ ಎರಡು ಪಟ್ಟು ಆಗುತ್ತದೆ. ಗ್ರೀರ್‌ನಿಂದ ಟರ್ನರ್ ಮಿಲ್‌ವರೆಗಿನ ಐದು ಮೈಲು ಬ್ಲೂ ರಿಬ್ಬನ್. ಕನೂ ಮತ್ತು ಫ್ಲೈ ರಾಡ್ ಎರಡೂ ಒಂದೇ ದಿನಕ್ಕೆ ಸರಿಯಾಗಿ ಹೊಂದುವ ಜಾಗ ಯಾವುದು ಎಂದರೆ ನಾನು ತೋರಿಸುವುದು ಇದನ್ನೇ. ನಡುವೆ ದಡದಲ್ಲಿ ಟೆಂಟ್ ಹಾಕುವ ಜಾಗಗಳೂ ಇವೆ. ಆದರೆ ನೀರಿನ ಸೆಳೆತ ಜೋರು, ಬಿದ್ದ ಮರಗಳು ಅಲ್ಲಲ್ಲಿ ಅಡ್ಡ ಇರುತ್ತವೆ. ಮೊದಲ ಸಲ ಕನೂ ಹತ್ತುವವರು ಇಲ್ಲಿ ಶುರು ಮಾಡಬೇಡಿ.

ನಾರ್ತ್ ಫೋರ್ಕ್‌ನಲ್ಲಿ ರೇನ್‌ಬೋ ಟ್ರೌಟ್ ತಾವೇ ಮರಿ ಮಾಡಿಕೊಂಡು ಬೆಳೆಯುತ್ತವೆ. ಸಾಕಿ ತಂದು ಬಿಟ್ಟ ಮೀನಿಗೂ ಇದಕ್ಕೂ ಹಿಡಿದಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. 2017ರ ಏಪ್ರಿಲ್ ಕೊನೆಯ ಪ್ರವಾಹ ಸೇತುವೆಗಳನ್ನೂ ದಡದ ಮರಗಳನ್ನೂ ಕೊಚ್ಚಿಕೊಂಡು ಹೋಯಿತು. ಹಾಗಾಗಿ ನೆರಳು ಕಡಿಮೆ. ತಳದ ಕಲ್ಲು ವಿಪರೀತ ಜಾರುತ್ತದೆ, ಊರುಗೋಲು ಇಟ್ಟುಕೊಳ್ಳಿ.

ವೈಟ್ ಮತ್ತು ನಾರ್‌ಫೋರ್ಕ್: ದೊಡ್ಡ ಮೀನು, ದೊಡ್ಡ ಬಿಲ್ಲು

ಗೋಡೆಗೆ ಹಾಕುವಂಥ ಫೋಟೋ ಬೇಕಾ? ಆರ್ಕನ್ಸಾದ ಬುಲ್ ಶೋಲ್ಸ್ ಅಣೆಕಟ್ಟಿನ ಕೆಳಗಿನ ವೈಟ್ ನದಿಗೆ, ಇಲ್ಲವೇ ನಾರ್‌ಫೋರ್ಕ್ ಅಣೆಕಟ್ಟಿನ ಕೆಳಗಿನ ಐದು ಮೈಲಿಗೂ ಕಡಿಮೆ ಇರುವ ತುಂಡು ನದಿಗೆ ಹೋಗಿ. ನಾರ್‌ಫೋರ್ಕ್‌ನಲ್ಲಿ 1988ರಲ್ಲಿ 38 ಪೌಂಡ್ ಮೀರಿದ ಬ್ರೌನ್ ಟ್ರೌಟ್ ಸಿಕ್ಕಿತ್ತು. ಅದೇ ರಾಜ್ಯದ ಲಿಟಲ್ ರೆಡ್ ನದಿಯಲ್ಲಿ 1992ರಲ್ಲಿ 40 ಪೌಂಡ್ ದಾಟಿತು, ಅದು ಆಗಿನ ವಿಶ್ವದಾಖಲೆ.

ಇಲ್ಲಿ ಕನೂ ಮರೆತುಬಿಡಿ. ಅಣೆಕಟ್ಟಿನಲ್ಲಿ ಟರ್ಬೈನ್ ತಿರುಗಿಸಿದರೆ ನೀರು ಸ್ವಲ್ಪ ಹೊತ್ತಿನಲ್ಲೇ ಹಲವು ಅಡಿ ಏರುತ್ತದೆ. ಸೈರನ್ ಕೇಳುವುದು ಅಣೆಕಟ್ಟಿನ ಹತ್ತಿರ ಮಾತ್ರ. ಕೆಳಗೆ ನೀರಿನಲ್ಲಿ ನಿಂತವರಿಗೆ ಯಾರೂ ಹೇಳುವುದಿಲ್ಲ. ನೀರಿಗಿಳಿಯುವ ಮುಂಚೆ ದಡದಲ್ಲಿ ಅರ್ಧ ಮುಳುಗಿದ ಒಂದು ಕಲ್ಲು ಗುರುತಿಟ್ಟುಕೊಳ್ಳಿ. ಆಗಾಗ ತಿರುಗಿ ನೋಡಿ. ಕಲ್ಲು ಕಾಣದಿದ್ದರೆ “ಇನ್ನೊಂದು ಸಲ ಬೀಸಿ ಹೋಗೋಣ” ಅನ್ನದೆ ಹೊರಗೆ ಬನ್ನಿ. ಕಾರು ನಿಲ್ಲಿಸಿದ ದಡದ ಕಡೆಯೇ ನಿಲ್ಲುವುದು ಒಳ್ಳೆಯದು. ನದಿ ದಾಟಿ ಆಚೆ ಹೋದವರು ನೀರು ಏರಿದರೆ ಆಚೆಯೇ ಉಳಿಯುತ್ತಾರೆ.

ಹಾಗಾಗಿ ಗೈಡ್ ಬೇಕು. ಉದ್ದನೆಯ ಚಪ್ಪಟೆ ತಳದ ಮೋಟಾರು ದೋಣಿ, ರಾಡು, ಫ್ಲೈ ಎಲ್ಲ ಅವರದೇ. ಇಬ್ಬರಿಗೆ ಒಂದು ದಿನಕ್ಕೆ 500 ಡಾಲರ್ ಆಸುಪಾಸು ಇಟ್ಟುಕೊಳ್ಳಿ, ಟಿಪ್ ಬೇರೆ. ಜಾಸ್ತಿ ಅನ್ನಿಸಬಹುದು. ಆದರೆ ಏನೂ ಗೊತ್ತಿಲ್ಲದವರು ಒಂದೇ ದಿನದಲ್ಲಿ ಬೀಸುವುದನ್ನು ಕಲಿತು, ಮೀನನ್ನೂ ಹಿಡಿಯುವುದು ಇಲ್ಲೇ.

ಟ್ರೌಟ್ ಪಾರ್ಕ್: ಅಪ್ಪ ಅಮ್ಮ, ಚಿಕ್ಕ ಮಕ್ಕಳು, ಚಿಕ್ಕ ಬಜೆಟ್

ಮಿಸೌರಿಯಲ್ಲಿ ನಾಲ್ಕು ಇವೆ: ಬೆನೆಟ್ ಸ್ಪ್ರಿಂಗ್, ಮೊಂಟಾಕ್, ರೋರಿಂಗ್ ರಿವರ್, ಮೆರಮೆಕ್ ಸ್ಪ್ರಿಂಗ್. ಮಾರ್ಚ್ 1ರಿಂದ ಅಕ್ಟೋಬರ್ 31ರವರೆಗೆ ಮೀನು ಸಾಕಿ ಬಿಡುತ್ತಲೇ ಇರುತ್ತಾರೆ. ಪರ್ಮಿಟ್ ಜೊತೆಗೆ ಆ ದಿನದ ಟ್ಯಾಗ್ ತಗೊಂಡರೆ ಆಯಿತು. ದಡ ಸಮತಟ್ಟು, ಬೆಂಚು ಇದೆ, ಶೌಚಾಲಯ ಇದೆ. ಮಂಡಿ ನೋವಿನ ಅಮ್ಮನಿಗೆ ಇದಕ್ಕಿಂತ ಬೇರೆ ಜಾಗ ನಾನು ಹೇಳುವುದಿಲ್ಲ. ಹೆಗಲಿಗೆ ಹೆಗಲು ತಾಗುವಂತೆ ನಿಂತು ಗಾಳ ಹಾಕುವುದು ನಿಮಗೆ ಇಷ್ಟವಾಗದೇ ಇರಬಹುದು. ಆಗ ಚಳಿಗಾಲದಲ್ಲಿ ಹೋಗಿ. ಆಗ ಫ್ಲೈ ಮಾತ್ರ, ಹಿಡಿದದ್ದನ್ನು ಬಿಡಬೇಕು, ಜನ ವಿರಳ. ಬೆಂಟನ್‌ವಿಲ್‌ನವರಿಗೆ ರೋರಿಂಗ್ ರಿವರ್ ಒಂದು ಗಂಟೆ ದಾರಿ. ದೋಣಿಯೂ ಬೇಕು ಅನ್ನುವವರಿಗೆ ಬೆನೆಟ್ ಸ್ಪ್ರಿಂಗ್ ಒಳ್ಳೆಯ ರಾಜಿ: ಅರ್ಧ ಮನೆಯವರು ಪಾರ್ಕಿನಲ್ಲಿ ಗಾಳ ಹಾಕಲಿ, ಇನ್ನರ್ಧ ಪಕ್ಕದ ನಯಾಂಗ್ವಾ ನದಿಯಲ್ಲಿ ಕನೂ ಹತ್ತಲಿ.

ಅಪ್ಪ ಅಮ್ಮ ನದಿಗೇ ಇಳಿಯಬೇಕು ಅಂತ ಹಟ ಹಿಡಿದರೆ ಕನೂ ಬದಲು ಗಾಳಿ ತುಂಬಿದ ಅಗಲ ದೋಣಿ, ಅಂದರೆ ರಾಫ್ಟ್ ತಗೊಳ್ಳಿ, ಕರೆಂಟ್‌ನಲ್ಲಿ, ವಾರದ ನಡುವೆ. ಅದು ಸುಲಭಕ್ಕೆ ಮಗುಚುವುದಿಲ್ಲ. ಲೈಫ್ ಜಾಕೆಟ್ ವಿಷಯದಲ್ಲಿ “ನಂಗೆ ಈಜು ಬರುತ್ತೆ ಬಿಡೋ” ಅನ್ನುವ ಮಾತನ್ನು ಕೇಳಿಸಿಕೊಳ್ಳಬೇಡಿ.

ನೋಯಲ್ ಹತ್ತಿರದ ಎಲ್ಕ್ ರಿವರ್, ಸ್ಟೀಲ್‌ವಿಲ್ ಕಡೆಯ ಹುಝಾ, ಒಕ್ಲಹೋಮಾದ ತಾಲಕ್ವಾ ಹತ್ತಿರದ ಇಲಿನಾಯ್ ನದಿಗಳನ್ನು ಬಿಟ್ಟಿದ್ದೇಕೆ ಅಂತ ಕೇಳುತ್ತೀರಿ. ಬೇಸಿಗೆಯ ವಾರಾಂತ್ಯದಲ್ಲಿ ಅವು ಪಾರ್ಟಿ ನದಿಗಳು. ಪಾರ್ಟಿಯೇ ಬೇಕಿದ್ದರೆ ಧಾರಾಳವಾಗಿ ಹೋಗಿ.

ದುಡ್ಡು, ಪರ್ಮಿಟ್, ಸಾಮಾನು

ಕನೂ ಬಾಡಿಗೆ ಶಟಲ್ ಸೇರಿ ದಿನಕ್ಕೆ ಸಾಮಾನ್ಯವಾಗಿ 60ರಿಂದ 100 ಡಾಲರ್, ಇಬ್ಬರಿಗೆ. ಹೊಸ ರಾಡ್ ಕೊಳ್ಳುವುದಾದರೆ ಒಂಬತ್ತು ಅಡಿಯ 5-ವೇಟ್ (ಲೈನಿನ ತೂಕದ ಅಳತೆ) ತಗೊಳ್ಳಿ. ರೀಲು, ಲೈನು ಸೇರಿದ ಸೆಟ್ 150–200 ಡಾಲರಿಗೆ ಸಿಗುತ್ತದೆ, ಟ್ರೌಟ್‌ಗೂ ಸಾಕು, ಸ್ಮಾಲ್‌ಮೌತ್‌ಗೂ ನಡೆಯುತ್ತದೆ. ಮೊದಲ ವರ್ಷ ವೇಡರ್ಸ್, ಅಂದರೆ ನೀರು ಒಳಗೆ ಬಿಡದ ಉದ್ದನೆಯ ಪ್ಯಾಂಟು ಬೇಡ. ಬೇಸಿಗೆಯಲ್ಲಿ ಹಳೇ ಶೂ, ಚಡ್ಡಿ ಸಾಕು. ಶೂ ತಳ ರಬ್ಬರಿನದಿರಲಿ. ಪಾಚಿ ಒಂದು ನದಿಯಿಂದ ಇನ್ನೊಂದಕ್ಕೆ ಹರಡುತ್ತದೆ ಎಂದು ಟ್ರೌಟ್ ನದಿಗಳಲ್ಲಿ ಕಂಬಳಿಯಂಥ ಫೆಲ್ಟ್ ತಳವನ್ನು 2012ರಲ್ಲಿ ಎರಡೂ ರಾಜ್ಯಗಳು ನಿಷೇಧಿಸಿದವು. ಮಿಸೌರಿಯ ಪರ್ಮಿಟ್ ಆರ್ಕನ್ಸಾದಲ್ಲಿ ನಡೆಯುವುದಿಲ್ಲ. ಟ್ರೌಟ್‌ಗೆ ಪ್ರತ್ಯೇಕ ಪರ್ಮಿಟ್ ಬೇಕಾಗುತ್ತದೆ. 16 ವರ್ಷದೊಳಗಿನ ಮಕ್ಕಳಿಗೆ ಮೀನು ಹಿಡಿಯುವ ಸಾಮಾನ್ಯ ಪರ್ಮಿಟ್ ಬೇಡ, ಊರಿಂದ ಬಂದ ಅಪ್ಪನಿಗೆ ಬೇಕು. ಒಂದು ದಿನದ್ದೂ ಸಿಗುತ್ತದೆ.

ಮೀನು ತಿನ್ನದವರಿಗೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆ ಕ್ಯಾಂಪುಗಳಲ್ಲಿ ಒಂದು ಕಾಲಕ್ಕೆ ಮಹಶೀರ್ ಹಿಡಿದು ಬಿಡುತ್ತಿದ್ದರಲ್ಲ, ಹಾಗೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ, ಕೈ ಒದ್ದೆ ಮಾಡಿಕೊಂಡು ಮೀನನ್ನು ಮುಟ್ಟಿ, ನೀರಿನಲ್ಲೇ ಬಿಡಿಸಿ. ಅಷ್ಟಕ್ಕೂ ಮನಸ್ಸು ಒಪ್ಪದಿದ್ದರೆ ರಾಡ್ ದುಡ್ಡು ಉಳಿಸಿ ಏಕರ್ಸ್‌ನಲ್ಲಿ ಕನೂ ಹತ್ತಿ.

ಊಟ ಕಟ್ಟಿಕೊಂಡೇ ಹೋಗಬೇಕು, ದಾರಿಯಲ್ಲಿ ಏನೂ ಸಿಗುವುದಿಲ್ಲ. ಚಿತ್ರಾನ್ನ, ಮೊಸರನ್ನ ನೀರು ಹೋಗದ ಡ್ರೈ ಬ್ಯಾಗಿನಲ್ಲಿ ಚೆನ್ನಾಗಿ ಕೂರುತ್ತವೆ. ಗಾಜಿನ ಬಾಟಲಿಗೆ ಬಫಲೋದಲ್ಲೂ ಕರೆಂಟ್‌ನಲ್ಲೂ ನಿಷೇಧ ಇದೆ. ಉಪ್ಪಿನಕಾಯಿಯನ್ನು ಮನೆಯಲ್ಲೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಂಡು ಹೊರಡಿ.